ಎರಡು ಕೆಲಸಗಳ ನಡುವೆ ನಾಲ್ಕು ತಿಂಗಳು ಊರಿನಲ್ಲಿದ್ದರೆ ಎನ್‌ಆರ್‌ಐ ಸ್ಥಾನ ಹೋಗುತ್ತದೆಯೇ?

ಪ್ರಶ್ನೆ: ನಾನು ಬ್ರಹ್ಮಾವರದ ಕಡೆಯವನು. ಏಳು ವರ್ಷಗಳಿಂದ ದುಬೈನ ಗುತ್ತಿಗೆ ಕಂಪನಿಯೊಂದರಲ್ಲಿ ಇಲೆಕ್ಟ್ರಿಕಲ್ ಎಸ್ಟಿಮೇಟರ್ ಆಗಿದ್ದೇನೆ. ಮೂಲ ವೇತನ 6,000 ದಿರ್ಹಮ್. ಈಗ ದೋಹಾದ ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ರಾಜೀನಾಮೆ ಕೊಟ್ಟಿದ್ದೇನೆ, ನವೆಂಬರ್ 30ಕ್ಕೆ ನೋಟಿಸ್ ಅವಧಿ ಮುಗಿಯುತ್ತದೆ. ಡಿಸೆಂಬರ್ 15ಕ್ಕೆ ಊರಿಗೆ ಬಂದು ಏಪ್ರಿಲ್ 20ಕ್ಕೆ ದೋಹಾಕ್ಕೆ ಹೋಗುವ ಯೋಚನೆ. ಫೆಬ್ರವರಿಯಲ್ಲಿ ಮನೆಯ ದೈವದ ಕೋಲವಿದೆ, ಮಗಳದು ಈ ಸಲ ಎಸ್ಸೆಸ್ಸೆಲ್ಸಿ. ಇದೇ ಆಗಸ್ಟ್‌ನಲ್ಲಿ ತಂದೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು 12 ದಿನ ಬಂದು ಹೋಗಿದ್ದೆ. ಅದಕ್ಕೂ ಹಿಂದಿನ ನಾಲ್ಕು ವರ್ಷಗಳ ರಜೆ ಎಲ್ಲ ಕೂಡಿಸಿದರೆ 165 ದಿನ ಆಗುತ್ತದೆ. ಊರಿನಲ್ಲಿ ಅಂಗಡಿ ಕೋಣೆಯ ಬಾಡಿಗೆ, ಠೇವಣಿಯ ಬಡ್ಡಿ ಸೇರಿ ವರ್ಷಕ್ಕೆ ಸುಮಾರು 5 ಲಕ್ಷ ರೂಪಾಯಿ ಬರುತ್ತದೆ.

60 ದಿನ ದಾಟಿದರೆ ದುಬೈ ಸಂಬಳಕ್ಕೆಲ್ಲ ಇಲ್ಲಿ ತೆರಿಗೆ ಎಂದು ನಮ್ಮ ಭಾವ ಹೇಳುತ್ತಾರೆ. ಈಗ ಅದು 120 ದಿನ ಎಂದು ಇನ್ನೊಬ್ಬರು. ಕೆಲಸ ಬಿಟ್ಟ ದಿನವೇ ಎನ್‌ಆರ್‌ಇ ಖಾತೆ (ವಿದೇಶದ ದುಡಿಮೆ ಕಳುಹಿಸಿ ಇಡುವ ಅನಿವಾಸಿ ಖಾತೆ) ಮುಚ್ಚಬೇಕು ಎಂದು ಬ್ಯಾಂಕಿನಲ್ಲಿ ಹೇಳಿದರು. ಗ್ರಾಚುಟಿ ಹಣ ನೇರವಾಗಿ ಊರಿನ ಖಾತೆಗೆ ಹಾಕಿಸಿಕೊಳ್ಳಬಹುದೇ? ವೀಸಾ ಬರುವವರೆಗೆ ಫೆಬ್ರವರಿಯಿಂದ ಮನೆಯಿಂದಲೇ ಕೆಲಸ ಶುರುಮಾಡಿ, ಸಂಬಳ ಕೊಡುತ್ತೇವೆ ಎಂದು ದೋಹಾದವರು ಹೇಳಿದ್ದಾರೆ, ಒಪ್ಪಲೇ? ಹೆಂಡತಿಯ ತಮ್ಮನೂ ದುಬೈನಲ್ಲಿ ಕೆಲಸ ಬಿಟ್ಟು ಡಿಸೆಂಬರ್ ಮೊದಲ ದಿನ ಬರುತ್ತಿದ್ದಾನೆ. ಅವನು ಹೋಗಿ ಎರಡು ವರ್ಷವಾಯಿತಷ್ಟೆ, ಇನ್ನೂ ಬೇರೆ ಕೆಲಸ ಸಿಕ್ಕಿಲ್ಲ. ಅವನಿಗೂ ಇದೇ ಲೆಕ್ಕವೇ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆ, ಒಳಗಿರುವ ಭಯ ಒಂದೇ. ನಾಲ್ಕು ತಿಂಗಳು ಮನೆಯವರ ಜೊತೆ ಇದ್ದ ತಪ್ಪಿಗೆ ವರ್ಷವಿಡೀ ದುಡಿದದ್ದರಲ್ಲಿ ಪಾಲು ಹೋಗುತ್ತದೆಯೇ ಎಂಬುದು. ನೀವು ಕೊಟ್ಟ ಲೆಕ್ಕ ಸರಿಯಾಗಿದ್ದರೆ ಹೋಗುವುದಿಲ್ಲ. ತೆರಿಗೆಯ ವಿಷಯದಲ್ಲಿ ನೀವು ನಿಮ್ಮ ಭಾವ ಅಂದುಕೊಂಡದ್ದಕ್ಕಿಂತ ಬಹಳ ಸುರಕ್ಷಿತರು. ನನ್ನನ್ನು ಚಿಂತೆಗೆ ಹಚ್ಚಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿ: ದೋಹಾದ ವೀಸಾ ಇನ್ನೂ ಬಂದಿಲ್ಲ, ದುಬೈನದು ರದ್ದಾಗುತ್ತಿದೆ. ಗಲ್ಫ್‌ನಿಂದ ಬಂದವರ ಕಡತಗಳನ್ನು ನೋಡುವ ನನ್ನಂಥ ಲೆಕ್ಕಪರಿಶೋಧಕರ ಬಳಿ ಜನ ತೆರಿಗೆಯ ಪ್ರಶ್ನೆ ಹಿಡಿದು ಬರುತ್ತಾರೆ, ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಬೇರೆ ಕಡೆ.

ಮೊದಲು ದಿನಗಳ ಲೆಕ್ಕ ಮುಗಿಸೋಣ.

ಆದಾಯ ತೆರಿಗೆಗೆ ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31. ನಿಮ್ಮ ನಾಲ್ಕು ತಿಂಗಳ ರಜೆ ಈ ಗಡಿಯ ಮೇಲೆ ಕುಳಿತಿದೆ, ಆದ್ದರಿಂದ ಎರಡು ಹೋಳಾಗುತ್ತದೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ 107 ದಿನ. ಆಗಸ್ಟ್‌ನ 12 ದಿನ ಸೇರಿಸಿದರೆ ಈ ವರ್ಷದ ಲೆಕ್ಕಕ್ಕೆ 119. ಏಪ್ರಿಲ್‌ನ 20 ದಿನ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಬಂದ ದಿನ, ಹೋದ ದಿನ ಎರಡನ್ನೂ ಭಾರತದಲ್ಲಿದ್ದ ದಿನವೆಂದೇ ಎಣಿಸಿದ್ದೇನೆ. ಅದರ ಬಗ್ಗೆ ವಾದಗಳಿವೆ, ಆದರೆ ಒಂದು ದಿನ ಉಳಿಸಲು ವಾದಕ್ಕೆ ನಿಲ್ಲುವ ಪರಿಸ್ಥಿತಿಗೆ ನೀವು ಹೋಗಬಾರದು.

ಈಗ ಭಾವ ಹೇಳಿದ 60 ದಿನ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ. ಕಾಯ್ದೆಯ ಪ್ರಕಾರ ಒಬ್ಬರು ಭಾರತದ ನಿವಾಸಿ ಆಗುವುದು ಎರಡು ದಾರಿಯಲ್ಲಿ. ಒಂದು, ಆ ವರ್ಷ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ. ಇನ್ನೊಂದು, ಆ ವರ್ಷ 60 ದಿನ ಅಥವಾ ಹೆಚ್ಚು ಇದ್ದು, ಜೊತೆಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಅಥವಾ ಹೆಚ್ಚು ಇದ್ದರೆ. ಆ ‘ಜೊತೆಗೆ’ ಊರಿನ ಮಾತುಕತೆಯಲ್ಲಿ ಯಾವಾಗಲೂ ಬಿಟ್ಟುಹೋಗುತ್ತದೆ. ನಿಮ್ಮದು ನಾಲ್ಕು ವರ್ಷಕ್ಕೆ 165 ದಿನ. ಹಾಗಾಗಿ 60 ದಿನದ ನಿಯಮ ನಿಮ್ಮನ್ನು ಮುಟ್ಟುವುದೇ ಇಲ್ಲ. ಇದರ ಮೇಲೆ, ವಿದೇಶದಲ್ಲಿರುವ ಭಾರತೀಯ ಪ್ರಜೆ ಊರಿಗೆ ಭೇಟಿಗೆಂದು ಬಂದರೆ ಆ 60ರ ಬದಲು 182 ಎಂಬ ರಿಯಾಯಿತಿಯೂ ಇದೆ. 

120 ದಿನದ ಮಾತು 2020ರ ಹಣಕಾಸು ಕಾಯ್ದೆಯಿಂದ ಬಂದದ್ದು. ವಿದೇಶಿ ಆದಾಯ ಬಿಟ್ಟು ಉಳಿದ ಆದಾಯ ವರ್ಷಕ್ಕೆ 15 ಲಕ್ಷ ರೂಪಾಯಿ ದಾಟಿದವರಿಗೆ ಮಾತ್ರ ಆ 182, 120ಕ್ಕೆ ಇಳಿಯುತ್ತದೆ. ತೆರಿಗೆಯೇ ಇಲ್ಲದ ದೇಶದಲ್ಲಿರುವ ಭಾರತೀಯರನ್ನು ಇಲ್ಲಿಯ ನಿವಾಸಿ ಎಂದು ಭಾವಿಸುವ ನಿಯಮವೂ ಅದೇ ವರ್ಷ ಬಂತು. ಗಲ್ಫ್‌ನಲ್ಲಿ ಆಗ ಅದು ದೊಡ್ಡ ಗುಲ್ಲಾಗಿತ್ತು. ಅದಕ್ಕೂ ಅದೇ 15 ಲಕ್ಷದ ಮಿತಿ ಇದೆ. ನಿಮ್ಮದು 5 ಲಕ್ಷ, ಎರಡನ್ನೂ ಮರೆತುಬಿಡಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು, ವರ್ಷದ ಹೆಸರು ಬದಲಾದವು. ಈ ದಿನಗಳ ಲೆಕ್ಕ ಹಾಗೆಯೇ ಉಳಿದಿದೆ.

ಒಂದು ಸೂಕ್ಷ್ಮ ಇದೆ. ದುಬೈ ಕೆಲಸ ಮುಗಿಸಿ, ವೀಸಾ ರದ್ದುಮಾಡಿಸಿ ಬಂದವನನ್ನು ಭೇಟಿಗೆ ಬಂದವನು ಎನ್ನಬಹುದೇ, ಹಿಂತಿರುಗಿ ಬಂದವನು ಎನ್ನಬೇಕೇ ಎಂದು ಅಧಿಕಾರಿ ಕೇಳಬಹುದು. ನಿಮ್ಮ ಮಟ್ಟಿಗೆ ಉತ್ತರ ಯಾವುದಾದರೂ ಫಲ ಒಂದೇ. ರಿಯಾಯಿತಿ ತೆಗೆದುಹಾಕಿದರೂ 365ರ ಷರತ್ತು ಪೂರೈಸುವುದಿಲ್ಲ. ಅದೂ ಹೇಗೋ ಮುರಿದು ನಿವಾಸಿ ಆದಿರಿ ಎಂದೇ ಇಟ್ಟುಕೊಳ್ಳಿ: ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿದ್ದದ್ದು 729 ದಿನ ಮೀರದವರನ್ನು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ನಡುವಿನ ವರ್ಗಕ್ಕೆ ಹಾಕುತ್ತಾರೆ. ಅವರು ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ.

ನಿಮ್ಮ ಭಾವಮೈದುನನ ಕಥೆ ಬೇರೆ. ಇಂಥ ಪ್ರಶ್ನೆಗಳಲ್ಲಿ ಒಬ್ಬರ ಉತ್ತರವನ್ನು ಇನ್ನೊಬ್ಬರು ನಕಲು ಮಾಡಬಾರದು ಎನ್ನುವುದಕ್ಕೆ ಅವನೇ ಸಾಕ್ಷಿ. ಅವನು ಹೋಗಿ ಎರಡೇ ವರ್ಷ. ಹಿಂದಿನ ನಾಲ್ಕು ವರ್ಷಗಳಲ್ಲಿ ಸುಮಾರು ಎರಡು ವರ್ಷ ಊರಿನಲ್ಲೇ ಇದ್ದವನು, 365 ಎಂದೋ ದಾಟಿದೆ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಇದ್ದರೆ 121 ದಿನ, ಅಂದರೆ 60 ಕೂಡ ದಾಟಿತು. ಕೈಯಲ್ಲಿ ಆಫರ್ ಲೆಟರ್ ಇಲ್ಲದ್ದರಿಂದ ಭೇಟಿಗೆ ಬಂದವನು ಎಂದು ತೋರಿಸುವುದು ಕಷ್ಟ. ಏಳು ವರ್ಷದಲ್ಲಿ 729 ದಿನಕ್ಕಿಂತ ಹೆಚ್ಚು ಇಲ್ಲೇ ಇದ್ದವನಾದ್ದರಿಂದ ಆ ನಡುವಿನ ವರ್ಗವೂ ಅವನಿಗೆ ಸಿಗದು. ಅಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ದುಬೈ ಸಂಬಳ ಇಲ್ಲಿ ತೆರಿಗೆಗೆ ಬರುವ ಅಪಾಯ ನಿಜವಾಗಿಯೂ ಇದೆ. ಅಲ್ಲಿ ಸಂಬಳಕ್ಕೆ ತೆರಿಗೆ ಕಟ್ಟಿಲ್ಲದ್ದರಿಂದ ಇಲ್ಲಿಯ ತೆರಿಗೆಯಲ್ಲಿ ಕಳೆಯಲು ಏನೂ ಇಲ್ಲ. ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದ ಹಿಡಿದು ವಾದಿಸಬಹುದು, ವಾದಕ್ಕೂ ಖರ್ಚಿದೆ. ಜೊತೆಗೆ ಸಾಮಾನ್ಯ ನಿವಾಸಿಯಾದವನು ಅಲ್ಲಿಯ ಬ್ಯಾಂಕ್ ಖಾತೆಯನ್ನು ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ.

ಅವನಿಗೆ ಇರುವ ಒಳ್ಳೆಯ ದಾರಿ ಮಾರ್ಚ್ 31ಕ್ಕೆ ಮೊದಲು ಹೊಸ ಕೆಲಸಕ್ಕೆ ಹೊರಡುವುದು. ವಿದೇಶದಲ್ಲಿ ಉದ್ಯೋಗಕ್ಕೆಂದು ಭಾರತ ಬಿಟ್ಟು ಹೋಗುವ ಪ್ರಜೆಗೆ ಆ ವರ್ಷ 60ರ ಬದಲು 182 ದಿನ ಎಂಬ ಇನ್ನೊಂದು ರಿಯಾಯಿತಿ ಇದೆ. ಭೇಟಿಯೋ ಅಲ್ಲವೋ ಎಂಬ ಜಗಳ ಆಗ ಬರುವುದಿಲ್ಲ. ಮಾರ್ಚ್ 28ಕ್ಕೆ ಹೊರಟವನಿಗೂ ಏಪ್ರಿಲ್ 4ಕ್ಕೆ ಹೊರಟವನಿಗೂ ಲಕ್ಷಗಟ್ಟಲೆ ವ್ಯತ್ಯಾಸ ಬರಬಹುದು.

ಇನ್ನು ಬ್ಯಾಂಕ್. ಕೆಲಸ ಬಿಟ್ಟ ದಿನವೇ ಎನ್‌ಆರ್‌ಇ ಖಾತೆ ಮುಚ್ಚಬೇಕು ಎಂಬುದು ತಪ್ಪು. ಕೌಂಟರಿನಲ್ಲಿ ಕುಳಿತವರು ಹಾಗೆ ಹೇಳುವುದು ಎರಡು ಕಾನೂನುಗಳನ್ನು ಒಂದೇ ಎಂದುಕೊಂಡಿರುವುದರಿಂದ. ತೆರಿಗೆ ಕಾಯ್ದೆ ದಿನ ಎಣಿಸುತ್ತದೆ. ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ದಿನದ ಜೊತೆಗೆ ನೀವು ಯಾವ ಉದ್ದೇಶಕ್ಕೆ ಬಂದಿರಿ ಎಂದು ಕೇಳುತ್ತದೆ. ಇಲ್ಲಿ ಉದ್ಯೋಗ ಮಾಡಲು, ವ್ಯಾಪಾರ ನಡೆಸಲು ಅಥವಾ ಎಷ್ಟು ಕಾಲವೆಂದು ಗೊತ್ತಿಲ್ಲದೆ ಉಳಿಯಲು ಬಂದವರು ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು ಅಥವಾ ಹಣವನ್ನು ಆರ್‌ಎಫ್‌ಸಿ ಖಾತೆಗೆ (ಹಿಂತಿರುಗಿ ಬಂದ ನಿವಾಸಿಗಳು ವಿದೇಶಿ ಹಣ ಇಡುವ ಖಾತೆ) ವರ್ಗಾಯಿಸಬೇಕು. ಸ್ವಲ್ಪ ಕಾಲಕ್ಕೆ ಬಂದು ಹೋಗುವವರ ಖಾತೆ ಹಾಗೆಯೇ ಮುಂದುವರಿಯಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಸೇರುವ ತಾರೀಖು ಬರೆದ ಆಫರ್ ಲೆಟರ್ ನಿಮ್ಮಲ್ಲಿದೆ, ಅದರ ಪ್ರತಿಯನ್ನು ಶಾಖೆಗೆ ಕೊಟ್ಟು ವಿಳಾಸ ಬದಲಾಗಲಿದೆ ಎಂದು ಬರೆದುಕೊಡಿ. ದೋಹಾಕ್ಕೆ ಹೋದ ಮೇಲೆ ಹೊಸ ದೇಶದ ಕೆವೈಸಿ ಕೊಟ್ಟರೆ ಮುಗಿಯಿತು.

ಊರಿಗೆ ಬಂದವರು ಮಾಡುವ ಒಂದು ಕೆಲಸ ಮಾತ್ರ ಮಾಡಬೇಡಿ. ಅಂಗಡಿ ಬಾಡಿಗೆ, ಅಡಿಕೆ ಮಾರಿದ ಹಣ, ಯಾರೋ ಹಿಂತಿರುಗಿಸಿದ ಸಾಲ ಇವನ್ನೆಲ್ಲ ಕೈಯಲ್ಲಿದೆ ಎಂದು ಎನ್‌ಆರ್‌ಇ ಖಾತೆಗೆ ಕಟ್ಟುವುದು. ಇಲ್ಲಿಯ ರೂಪಾಯಿ ಹೋಗಬೇಕಾದದ್ದು ಎನ್‌ಆರ್‌ಒ ಖಾತೆಗೆ. ಬಾಡಿಗೆಯ ಮಾತು ಬಂದದ್ದರಿಂದ ಇನ್ನೊಂದು: 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದು ಪತ್ರಿಕೆಯಲ್ಲಿ ಓದಿ ನೀವು ರಿಟರ್ನ್ ಸಲ್ಲಿಸದೆ ಕುಳಿತಿದ್ದರೆ, ಆ ರಿಯಾಯಿತಿ ಭಾರತದ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷ ದಾಟಿದಲ್ಲಿಂದಲೇ ತೆರಿಗೆ ಶುರು. ಬಾಡಿಗೆಯಲ್ಲಿ ಶೇ 30 ಕಳೆದ ಮೇಲೆ ನಿಮಗೆ ಬರುವುದು ಸಣ್ಣ ಮೊತ್ತವಿರಬಹುದು, ಲೆಕ್ಕ ಹಾಕಿಸಿ.

ಈಗ ದುಬೈನಲ್ಲಿ ಮುಗಿಸಿ ಬರಬೇಕಾದ ಕೆಲಸ. ಇಲ್ಲಿ ನಿಧಾನಿಸಿ ಓದಿ.

ರಾಜೀನಾಮೆ ಕೊಟ್ಟವರಿಗೆ ಗ್ರಾಚುಟಿ ಪೂರ್ತಿ ಸಿಗುವುದಿಲ್ಲ ಎಂಬ ಮಾತು ಹಳೆಯ ಕಾನೂನಿನ ನೆನಪು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಯುಎಇಯ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಮುಗಿಸಿದವರಿಗೆ ಆ ಕಡಿತ ಇಲ್ಲ. ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ನಿಮಗೆ 105 ಮತ್ತು 60, ಒಟ್ಟು 165 ದಿನ. ದಿನಕ್ಕೆ 200 ದಿರ್ಹಮ್ ಎಂದರೆ 33,000 ದಿರ್ಹಮ್. ಇದಕ್ಕೆ ಬಳಸದ ರಜೆಯ ಹಣ ಬೇರೆ. ಕಂಪನಿಯ ಲೆಕ್ಕದ ಹಾಳೆ ಬಂದಾಗ ಇದನ್ನು ಪಕ್ಕದಲ್ಲಿಟ್ಟು ನೋಡಿ. ಬಾಕಿ ಎಲ್ಲವನ್ನೂ ಕೆಲಸ ಮುಗಿದ 14 ದಿನದೊಳಗೆ ಕೊಡಬೇಕು ಎಂದೂ ಕಾನೂನಿದೆ. ನವೆಂಬರ್ 30ಕ್ಕೆ 14 ದಿನ ಸೇರಿಸಿದರೆ ಡಿಸೆಂಬರ್ 14. ನಿಮ್ಮ ವಿಮಾನ 15ಕ್ಕೆ. ಒಂದು ದಿನದ ಅಂತರ ಇಟ್ಟುಕೊಂಡಿದ್ದೀರಿ, ನನ್ನ ದೃಷ್ಟಿಯಲ್ಲಿ ಇದು ಸಾಲದು. ಟಿಕೆಟ್ ಮುಂದೂಡಲು ಆದರೆ ಮೂರು ನಾಲ್ಕು ದಿನ ಮುಂದೂಡಿ, ಅಥವಾ ಲೆಕ್ಕ ಚುಕ್ತಾ ಮಾಡುವ ತಾರೀಖನ್ನು ಎಚ್‌ಆರ್‌ನವರಿಂದ ಈಗಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಏಕೆಂದರೆ ವೀಸಾ ರದ್ದತಿಯ ಕಾಗದ ಸಹಿಗೆ ಬಂದಾಗ ಅದರಲ್ಲಿ ನನಗೆ ಬರಬೇಕಾದ ಹಣವೆಲ್ಲ ಬಂದಿದೆ ಎಂಬ ಸಾಲೂ ಇರುತ್ತದೆ. ಅರೇಬಿಕ್ ಮತ್ತು ಇಂಗ್ಲಿಷ್‌ನಲ್ಲಿ ಪಕ್ಕಪಕ್ಕ ಮುದ್ರಿಸಿದ ಹಾಳೆ, ಕೆಳಗೆ ಸಹಿಯ ಜಾಗ. ಪಿಆರ್‌ಒ, ಅಂದರೆ ವೀಸಾ ಕಾಗದ ನೋಡಿಕೊಳ್ಳುವ ಕಂಪನಿಯವನು, ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿ ಊರಿಗೆ ಬಂದು, ಆಮೇಲೆ ಹಣ ಬರಲಿಲ್ಲ ಎಂದು ನನ್ನ ಮೇಜಿನ ಮುಂದೆ ಕುಳಿತವರಿಗೆ ಕೊಡಲು ನನ್ನಲ್ಲಿ ಉಪಾಯ ಕಡಿಮೆ. ಹಣ ಖಾತೆಗೆ ಬಂದ ಮೇಲೆ ಸಹಿ.

ಯಾವ ಖಾತೆಗೆ ಎಂಬುದೂ ಮುಖ್ಯ. ನಿಮ್ಮ ಪ್ರಶ್ನೆಗೆ ಉತ್ತರ: ನೇರವಾಗಿ ಊರಿನ ಖಾತೆಗೆ ಹಾಕಿಸಿಕೊಳ್ಳಬೇಡಿ. ಅನಿವಾಸಿಗೆ ಭಾರತದಲ್ಲಿ ತೆರಿಗೆ ಬರುವುದು ಇಲ್ಲಿ ಗಳಿಸಿದ್ದಕ್ಕೆ ಮತ್ತು ಮೊದಲ ಬಾರಿ ಇಲ್ಲಿ ಪಡೆದದ್ದಕ್ಕೆ. ದುಬೈ ಖಾತೆಯಲ್ಲಿ ಪಡೆದು ನೀವೇ ಕಳುಹಿಸಿಕೊಂಡ ಹಣ ಬರೀ ವರ್ಗಾವಣೆ, ಅದಕ್ಕೆ ತೆರಿಗೆ ಇಲ್ಲ. ಕಂಪನಿಯೇ ಉಡುಪಿಯ ಶಾಖೆಗೆ ಕಳುಹಿಸಿದರೆ ಪಡೆದದ್ದೇ ಇಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಅನವಶ್ಯಕ ತಲೆನೋವು.

ಆದರೆ ದುಬೈ ಖಾತೆಗೂ ಒಂದು ಗುಣವಿದೆ. ಸಂಬಳದ ಖಾತೆಯಿರುವ ಬ್ಯಾಂಕಿಗೆ ನೀವು ಕೆಲಸ ಬಿಟ್ಟ ವಿಷಯ ತಿಳಿದೊಡನೆ, ಕ್ರೆಡಿಟ್ ಕಾರ್ಡ್ ಅಥವಾ ಸಾಲ ಬಾಕಿ ಇದ್ದರೆ ಕೊನೆಯ ಮೊತ್ತವನ್ನು ತಡೆಹಿಡಿಯಬಹುದು. ಕಾರ್ಡ್ ಬಳಸದೆ ಎರಡು ವರ್ಷವಾಯಿತು ಎನ್ನುವವರಿಗೂ ವಾರ್ಷಿಕ ಶುಲ್ಕದ ಬಾಕಿ ಬೆಳೆದಿರುತ್ತದೆ. ನವೆಂಬರ್‌ನಲ್ಲೇ ಕಾರ್ಡ್ ಮುಚ್ಚಿಸಿ, ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಬಾಡಿಗೆ ಮನೆ ನಿಮ್ಮ ಹೆಸರಿನಲ್ಲಿದ್ದರೆ ಇಜಾರಿ (ಬಾಡಿಗೆ ಕರಾರಿನ ನೋಂದಣಿ) ರದ್ದುಪಡಿಸಿ ದೇವಾದ (ದುಬೈನ ವಿದ್ಯುತ್ ಮತ್ತು ನೀರಿನ ಸಂಸ್ಥೆ) ಠೇವಣಿ, ಫ್ಲ್ಯಾಟ್ ಆದರೆ 2,000 ದಿರ್ಹಮ್, ವಾಪಸ್ ಪಡೆಯಿರಿ. ಅನುಭವ ಪತ್ರ ಕೇಳಿ ಪಡೆಯಿರಿ, ಉಚಿತವಾಗಿ ಕೊಡುವುದು ಕಂಪನಿಯ ಕರ್ತವ್ಯ. ದುಬೈ ಪೊಲೀಸರ ಸನ್ನಡತೆ ಪತ್ರವನ್ನೂ ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿರುವಾಗಲೇ ತೆಗೆದಿಡಿ. ಮುಂದೆ ದೋಹಾದವರು ಕೇಳಿದರೆ ಬ್ರಹ್ಮಾವರದಲ್ಲಿ ಕುಳಿತು ತರಿಸುವುದು ಕಷ್ಟ.

ವೀಸಾ ರದ್ದುಮಾಡಿಸಲೇಬೇಕೇ, ರಜೆಗೆ ಹೋಗುತ್ತೇನೆಂದು ಬಂದುಬಿಟ್ಟರೆ ಆರು ತಿಂಗಳಲ್ಲಿ ತಾನಾಗಿಯೇ ಹೋಗುತ್ತದಲ್ಲ ಎಂದು ಯಾರಾದರೂ ಬುದ್ಧಿ ಹೇಳಿದ್ದರೆ ಕಿವಿಗೊಡಬೇಡಿ. 180 ದಿನ ಹೊರಗಿದ್ದರೆ ಸಾಮಾನ್ಯ ವಾಸದ ವೀಸಾ ಬಿದ್ದುಹೋಗುವುದು ನಿಜ. ಅಷ್ಟರೊಳಗೆ ಕಂಪನಿ ನಿಮ್ಮನ್ನು ಕೆಲಸ ಬಿಟ್ಟು ಓಡಿಹೋದವನೆಂದು ದೂರು ಕೊಟ್ಟರೆ ಯುಎಇಗೆ ಮತ್ತೆ ಕಾಲಿಡುವುದು ಕಷ್ಟವಾಗುತ್ತದೆ, ಗ್ರಾಚುಟಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ನೋಟಿಸ್ ಅವಧಿ ಪೂರೈಸಿ ಮರ್ಯಾದೆಯಾಗಿ ಹೊರಡುತ್ತಿದ್ದೀರಿ, ಅದನ್ನು ಹಾಳುಮಾಡಿಕೊಳ್ಳಬೇಡಿ.

ಈಗ ನನಗೆ ಹಿಡಿಸದ ವಿಷಯ. ಫೆಬ್ರವರಿಯಿಂದ ಮನೆಯಲ್ಲೇ ಕುಳಿತು ದೋಹಾದ ಕೆಲಸ ಮಾಡುವುದು. ಕಂಪನಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಅವರಿಗೆ ಟೆಂಡರ್ ಮುಗಿಯಬೇಕು, ನಿಮಗೂ ಎರಡೂವರೆ ತಿಂಗಳ ಸಂಬಳ ಸಿಗುತ್ತದೆ. ಆದರೆ ಭಾರತದಲ್ಲಿ ಕುಳಿತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಗಳಿಸಿದ ಆದಾಯ. ಕೊಟ್ಟವರು ಕತಾರ್‌ನವರು, ಹಾಕಿದ್ದು ವಿದೇಶಿ ಖಾತೆಗೆ ಎಂಬುದು ಲೆಕ್ಕಕ್ಕಿಲ್ಲ, ನೀವು ಅನಿವಾಸಿಯಾಗಿದ್ದರೂ ತೆರಿಗೆ ಬರುತ್ತದೆ. ಬಾಡಿಗೆಯ ಆದಾಯದ ಮೇಲೆ ಇದೂ ಸೇರಿ ಮೇಲಿನ ಹಂತಕ್ಕೆ ಹೋಗುತ್ತದೆ. ತೆರಿಗೆ ಕಟ್ಟಿದರಾಯಿತು ಎನ್ನಬಹುದು, ಆದರೆ ಅದಕ್ಕಿಂತ ದೊಡ್ಡದು ಇದೆ. ಊರಿಗೆ ಸುಮ್ಮನೆ ಬಂದು ಹೋಗುವವನು ಎಂದು ಬ್ಯಾಂಕಿಗೂ ಇಲಾಖೆಗೂ ಹೇಳುತ್ತಿರುವವರು ಇಲ್ಲಿಂದಲೇ ಉದ್ಯೋಗ ನಡೆಸಿದರೆ ನಿಮ್ಮ ಕಡತದಲ್ಲಿ ನೀವೇ ಎದುರು ಸಾಕ್ಷಿ ಇಟ್ಟಂತೆ. ಕಾರ್ಮಿಕ ಕಾನೂನಿನ ರಕ್ಷಣೆಯೂ ಇಲ್ಲ. ವೀಸಾ ಆಗದ, ಒಪ್ಪಂದಕ್ಕೆ ಸಹಿ ಬೀಳದ ಅವಧಿಯ ಸಂಬಳ ಕೊಡದಿದ್ದರೆ ಕತಾರ್‌ನಲ್ಲಿ ಯಾವ ಬಾಗಿಲು ತಟ್ಟುತ್ತೀರಿ? ಸೇರಿದ ದಿನದಿಂದ ಕೆಲಸ ಎಂದು ವಿನಯದಿಂದಲೇ ಬರೆಯಿರಿ. ಒಪ್ಪಲೇಬೇಕಾದ ಒತ್ತಡವಿದ್ದರೆ ಲಿಖಿತ ಪತ್ರ ಪಡೆದು, ಆ ಸಂಬಳವನ್ನು ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿ. ಬಚ್ಚಿಡುವ ಮೂರನೆಯ ದಾರಿಯನ್ನು ನಾನು ಹೇಳುವುದಿಲ್ಲ.

ಇನ್ನು ವೀಸಾ. ಆಫರ್ ಲೆಟರ್‌ನಲ್ಲಿ ಬರೆದ ತಾರೀಖು ಕಂಪನಿಯ ಆಸೆ ಎಂದು ಓದಿಕೊಳ್ಳಿ. ಕತಾರ್‌ನ ಉದ್ಯೋಗ ವೀಸಾಕ್ಕೆ ಭಾರತದಿಂದ ಹೋಗುವವರು ಇಲ್ಲಿಯೇ ಕತಾರ್ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು, ವೈದ್ಯಕೀಯ ಪರೀಕ್ಷೆ ಮಾಡಿಸಿ, ಒಪ್ಪಂದಕ್ಕೆ ಸಹಿ ಹಾಕಬೇಕು. ಕರಾವಳಿಯವರು ಇದಕ್ಕೆ ಸಾಮಾನ್ಯವಾಗಿ ಹೋಗುವುದು ಕೊಚ್ಚಿಗೆ. ಕಂಪನಿ ವೀಸಾ ಸಂಖ್ಯೆ ಕೊಟ್ಟ ಮೇಲೆಯೇ ಅಲ್ಲಿ ದಿನ ಗೊತ್ತುಮಾಡಿಕೊಳ್ಳಲು ಸಾಧ್ಯ. ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಎರಡೂ ಇರುತ್ತವೆ. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಕಂಡು ತಡೆಯಾದವರನ್ನು ಕೇಳಿ ಬಲ್ಲೆ. ಹಾಗಾಗಿ ದುಬೈನ ವಿಮೆ ಇರುವಾಗಲೇ ಒಂದು ಎಕ್ಸ್‌ರೇ, ಒಂದು ರಕ್ತಪರೀಕ್ಷೆ ಮಾಡಿಸಿ ನೋಡಿಕೊಂಡುಬಿಡಿ. ಪಾಸ್‌ಪೋರ್ಟ್‌ನ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅದರ ಪ್ರತಿ ದೋಹಾಕ್ಕೆ ಕಳುಹಿಸುವ ಮೊದಲೇ ಹೊಸದು ಮಾಡಿಸಿ. ಒಂದು ಸಂಖ್ಯೆಗೆ ವೀಸಾ ತೆಗೆದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಕಡತ ಮತ್ತೆ ಮೊದಲಿನಿಂದ. ಯುಎಇಗೆಂದು ದೃಢೀಕರಿಸಿದ ಡಿಪ್ಲೊಮಾ ಸರ್ಟಿಫಿಕೇಟ್ ಕತಾರ್‌ಗೂ ನಡೆಯುತ್ತದೆ ಎಂದುಕೊಳ್ಳಬೇಡಿ, ಏನು ಬೇಕೆಂದು ಈ ವಾರವೇ ಕೇಳಿ. ಊರಿನಲ್ಲಿ ಇದನ್ನು ಓದುವ ಇತರರಿಗೆ ಒಂದು ಮಾತು: ಎಸ್ಸೆಸ್ಸೆಲ್ಸಿ ಮುಗಿಸದೆ ಇಸಿಆರ್ ಪಾಸ್‌ಪೋರ್ಟ್ (ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟ್) ಇರುವವರು ಹೊಸ ದೇಶದ ಹೊಸ ಕೆಲಸಕ್ಕೆ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಮತ್ತೆ ಅನುಮತಿ ಪಡೆಯಬೇಕು, ಹಿಂದಿನ ದೇಶದ ಅನುಮತಿ ನಡೆಯುವುದಿಲ್ಲ.

ಏಪ್ರಿಲ್ 20 ಜೂನ್ ಆದರೆ ತೆರಿಗೆಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏಪ್ರಿಲ್ 1ರಿಂದ ಹೊಸ ಎಣಿಕೆ. 182ನೆಯ ದಿನ ಸೆಪ್ಟೆಂಬರ್ 29ಕ್ಕೆ ಬರುತ್ತದೆ. ಆದರೆ ಆ ವರ್ಷ ಹೀಗೆ ಹೆಚ್ಚು ದಿನ ಕಳೆದರೆ ಅದರ ಹಿಂದಿನ 119 ಮತ್ತು ಈ ದಿನಗಳು ಮುಂದಿನ ವರ್ಷಗಳ 365ರ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಇಷ್ಟು ದಿನ ನೀವು ನೋಡದ ಆ ಷರತ್ತನ್ನು ಇನ್ನು ಮೇಲೆ ಪ್ರತಿ ರಜೆಗೂ ಮೊದಲು ನೋಡಬೇಕಾಗುತ್ತದೆ. ಸ್ಮಾರ್ಟ್ ಗೇಟ್‌ಗಳಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳದಿರುವುದರಿಂದ ಬೋರ್ಡಿಂಗ್ ಪಾಸ್ ಅಥವಾ ಟಿಕೆಟ್‌ನ ಇಮೇಲ್ ಉಳಿಸಿಕೊಳ್ಳಿ. ಕೆಲಸವೇ ಕೈತಪ್ಪಿ ಊರಿನಲ್ಲೇ ಉಳಿಯುವ ತೀರ್ಮಾನ ಮಾಡಿದಿರಾದರೆ ಮಾತ್ರ ಆ ದಿನವೇ ಬ್ಯಾಂಕಿಗೆ ಹೋಗಿ. ಎನ್‌ಆರ್‌ಇ ಠೇವಣಿಯನ್ನು ಮುರಿಯಬೇಕಿಲ್ಲ, ಅವಧಿ ಮುಗಿಯುವವರೆಗೆ ಅದೇ ಬಡ್ಡಿದರದಲ್ಲಿ ನಡೆಯುತ್ತದೆ, ಆದರೆ ಬಡ್ಡಿಗೆ ಅಲ್ಲಿಂದಾಚೆಗೆ ತೆರಿಗೆ ಇದೆ.

ನಿಮ್ಮ ಮುಂದಿರುವ ದಾರಿಗಳನ್ನು ತೂಗಿ ನೋಡಿದರೆ, ಬೇಗ ಸೇರಿ ಮಾರ್ಚ್‌ನಲ್ಲಿ ರಜೆ ಹಾಕಿ ಬರುತ್ತೇನೆ ಎಂಬುದು ಆಗುವ ಮಾತಲ್ಲ. ಸೇರಿದ ಎರಡನೆಯ ತಿಂಗಳಲ್ಲಿ ಪರೀಕ್ಷೆಗೆ ರಜೆ ಕೊಡುವ ಕಂಪನಿಗಳು ಅಪರೂಪ. ದುಬೈನಲ್ಲೇ ಇನ್ನೆರಡು ತಿಂಗಳು ಎಳೆಯೋಣ ಎಂದರೆ ರಾಜೀನಾಮೆ ಆಗಲೇ ಕೊಟ್ಟಾಗಿದೆ. ನಿಮ್ಮ ಯೋಜನೆಯೇ ಸರಿ, ಅದರ ಸುತ್ತ ಎರಡು ಬದಲಾವಣೆ ಮಾಡಿ. ಮೊದಲನೆಯದು, ಗ್ರಾಚುಟಿಯ ಹಣವನ್ನು ಸೈಟಿಗೋ ಚಿನ್ನಕ್ಕೋ ಹಾಕದೆ ಆರು ತಿಂಗಳ ಮನೆ ಖರ್ಚು ಮತ್ತು ಸಾಲದ ಕಂತಿಗೆ ಪ್ರತ್ಯೇಕ ಇಡಿ. ಸೇರುವ ದಿನ ಮುಂದೆ ಹೋದಾಗ ನಿಮ್ಮನ್ನು ಕಾಯುವುದು ಅದೊಂದೇ. ಎರಡನೆಯದು, ದುಬೈ ಕಂಪನಿಯ ಆರೋಗ್ಯ ವಿಮೆ ವೀಸಾ ಜೊತೆಗೇ ಹೋಗುತ್ತದೆ. ಇಲ್ಲಿಯ ಹೊಸ ಪಾಲಿಸಿಗಳಿಗೆ ಅಪಘಾತ ಬಿಟ್ಟು ಉಳಿದವಕ್ಕೆ ಸಾಮಾನ್ಯವಾಗಿ ಮೊದಲ 30 ದಿನ ರಕ್ಷಣೆ ಇಲ್ಲ, ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಿಸಬಹುದು. ನವೆಂಬರ್ ಮೊದಲ ವಾರದಲ್ಲಿ ಪಾಲಿಸಿ ಮಾಡಿಸಿದರೆ ನೀವು ಬಂದಿಳಿಯುವ ಹೊತ್ತಿಗೆ ಆ 30 ದಿನ ಕಳೆದಿರುತ್ತದೆ.

ದೋಹಾದವರಿಗೆ ಇವತ್ತೇ ಒಂದು ಇಮೇಲ್ ಬರೆಯಿರಿ: ವೀಸಾ ಅರ್ಜಿಯನ್ನು ಜನವರಿಯಲ್ಲೇ ಹಾಕಲಿ, ಬಂದ ವೀಸಾದಲ್ಲಿ ಎಷ್ಟು ದಿನದೊಳಗೆ ದೇಶ ಪ್ರವೇಶಿಸಬೇಕು ಎಂಬುದನ್ನು ತಿಳಿಸಲಿ, ಏಪ್ರಿಲ್ ಮೂರನೆಯ ವಾರ ಅದರೊಳಗೆ ಬೀಳುವಂತೆ ನೋಡಿಕೊಳ್ಳಲಿ. ಕೊಚ್ಚಿಯ ದಿನ ಗೊತ್ತುಮಾಡುವಾಗ ಕೋಲದ ಎರಡು ದಿನ ಮತ್ತು ಮಗಳ ಪರೀಕ್ಷೆಯ ವೇಳಾಪಟ್ಟಿ ಎದುರಿಗಿರಲಿ. ಏಪ್ರಿಲ್ 20ರ ಟಿಕೆಟನ್ನು ಮಾತ್ರ, ದರ ಎಷ್ಟೇ ಕಡಿಮೆ ಕಾಣಿಸಿದರೂ, ವೀಸಾ ಕೈಗೆ ಬರುವ ಮೊದಲು ತೆಗೆಯಬೇಡಿ.